ಏಳನೇ ಬೋರಿನ ಕಲ್ಲು

ಉಚ್ಚೆಂಗಮ್ಮ ಮಾಡಿದ್ದು ತಪ್ಪೇ. ಅದನ್ನು ಆಕೆಯೇ ಒಪ್ಪಿಕೊಂಡಿದ್ದಾಳೆ, ನಾವ್ಯಾಕೆ ಮುಚ್ಚಿಡಬೇಕು? ಆದರೆ ಆ ತಪ್ಪನ್ನು ಆಕೆ ಮಾಡಿದ್ದು ಭಕ್ತಿಯಿಂದ, ಅದೂ ಆಯುಧಪೂಜೆಯ ದಿನ, ಸೊಂಟ ಮುರಿಯುವಷ್ಟು ದುಡಿದು. ಬೈಸಿಕೊಳ್ಳಲಿಕ್ಕೆ ಇಷ್ಟು ಕಷ್ಟಪಟ್ಟವರು ಸಂಡೂರಿನ ಗುಡ್ಡದಲ್ಲಿ ಇನ್ನೊಬ್ಬರಿರಲಿಲ್ಲ.

ಎಪ್ಪತ್ತೈದನೇ ಇಸವಿ. ದೋಣಿಮಲೈ ಬಸ್ಸು ಹೊರಳುವ ತಿರುವಿನಿಂದ ಮೇಲಕ್ಕೆ ಒಂದು ಖಾಸಗಿ ಕಂಪನಿ ಕಬ್ಬಿಣದ ಅದಿರು ಹುಡುಕುತ್ತಿತ್ತು. ಯಂತ್ರ ಹೂಡಿ ಗುಡ್ಡಕ್ಕೆ ಬೋರು ಹಾಕುವುದು. ಕೊಳವೆಯೊಳಗಿಂದ ಬಳೆಯೊಳಗೆ ಹಿಡಿಸುವಷ್ಟು ದಪ್ಪದ ಕಲ್ಲಿನ ಕೋಲುಗಳು ತುಂಡು ತುಂಡಾಗಿ ಬರುವವು. ಅವನ್ನು ಬಂದ ಕ್ರಮದಲ್ಲೇ, ಮೇಲಿನದು ಮೊದಲು ಕೆಳಗಿನದು ಆಮೇಲೆ ಎಂದು, ಮರದ ಪೆಟ್ಟಿಗೆಗಳ ಸಾಲುಗಳಲ್ಲಿ ಮಲಗಿಸುವುದು. ಆ ಪೆಟ್ಟಿಗೆಗಳನ್ನಿಟ್ಟ ತಗಡಿನ ಶೆಡ್ಡಿಗೆ ಉಚ್ಚೆಂಗಮ್ಮನೇ ಕಾವಲು, ಉಚ್ಚೆಂಗಮ್ಮನೇ ಕಸ ಗುಡಿಸುವವಳು, ರಾಡಿ ಹತ್ತಿದ ಕಲ್ಲು ತೊಳೆಯುವವಳೂ ಅವಳೇ.

ಆಕೆ ಮಲಪನಗುಡಿಯವಳು. ಅಪ್ಪ ಗುಡ್ಡಪ್ಪ ಕಲ್ಲು ಒಡೆಯುವವನು. ಕಾಲುವೆ ಕೆಲಸ ಎಲ್ಲೆಲ್ಲಿ ನಡೆಯಿತೋ ಅಲ್ಲಲ್ಲಿ ಗುಡಾರ ಹಾಕಿ ಬದುಕಿದವನು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಕುರೆಕುಪ್ಪ ಸೇರಿದ್ದ. ಅವನ ಬಗ್ಗೆ ಇಷ್ಟು ಸಾಕು. ಈ ಶೆಡ್ಡಿನ ಕೆಲಸದ ಜೊತೆಗೆ ಕೆಲಸದವರಿಗೆ ಕಂಪನಿ ಕಟ್ಟಿಸಿದ ಸಾಲುಮನೆಗಳ ಲೈನಿನಲ್ಲಿ ಆಕೆಗೆ ಒಂದು ಕೋಣೆ ಸಿಕ್ಕಿತ್ತು. ಆ ಕೋಣೆಗೆ ಬಾಗಿಲಿತ್ತು, ಬಾಗಿಲಿಗೆ ಒಳಗಿನಿಂದ ಅಗುಳಿ ಇತ್ತು. ನಲವತ್ತು ವರ್ಷದ ಬದುಕಿನಲ್ಲಿ ಅಗುಳಿ ಹಾಕಿಕೊಂಡು ಮಲಗಿದ್ದು ಅದೇ ಮೊದಲು. ಕೆಲಸ ಹೋದರೆ ಅಗುಳಿಯೂ ಹೋಗುತ್ತದೆ ಎಂಬುದನ್ನು ಆಕೆ ಒಂದು ದಿನವೂ ಮರೆತವಳಲ್ಲ.

ಆಯುಧಪೂಜೆಯ ದಿನ ಬೋರಿನ ಯಂತ್ರಕ್ಕೆ ಕುಂಬಳಕಾಯಿ ಒಡೆದರು, ಜೀಪಿಗೆ ಬಾಳೆಕಂದು ಕಟ್ಟಿದರು. ಎಲ್ಲರಿಗೂ ಒಂದೊಂದು ಆಯುಧ. ನನ್ನ ಆಯುಧ ಯಾವುದು ಎಂದು ಉಚ್ಚೆಂಗಮ್ಮ ಶೆಡ್ಡಿನೊಳಗೆ ನೋಡಿದಳು. ಬಕೆಟ್ಟು, ಪೊರಕೆ, ಆಮೇಲೆ ಹೊಸದಾಗಿ ಬಂದ ಏಳನೇ ಬೋರಿನ ಹನ್ನೆರಡು ಪೆಟ್ಟಿಗೆ ಕಲ್ಲು. ಕೆಳಗಿನ ತೊಟ್ಟಿಯ ನೀರು ಕೆಂಪು ರಾಡಿಯೆಂದು, ನಲವತ್ತು ಮೆಟ್ಟಿಲು ಹತ್ತಿ ಮೇಲಿನ ತೊಟ್ಟಿಯ ತಿಳಿನೀರು ಹೊತ್ತು ತಂದಳು. ಒಂದೊಂದೇ ತುಂಡು ತೆಗೆದು ತೆಂಗಿನ ನಾರಿನಿಂದ ತಿಕ್ಕಿದಳು. ಅವುಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಆಳದ ಗುರುತಿಗೆ ಗೀಚಿದ್ದ ಬಾಣ, ಅಂಕಿ ಎಲ್ಲ ತೊಳೆದುಹೋದವು. ಅದು ಹೊಲಸು ಎಂದೇ ಆಕೆ ತಿಳಿದದ್ದು. ಬಿಸಿಲಿಗೆ ಒಣಗಿಸಿ, ಕಾಳು ಹಸನು ಮಾಡುವವರ ಹಾಗೆ ಬೇರೆ ಬೇರೆ ಮಾಡಿದಳು. ಕೆಂಪು ಕೆಂಪಿನ ಜೊತೆ, ಪಟ್ಟೆಯದು ಪಟ್ಟೆಯ ಜೊತೆ, ಹಸಿರು ಒಂದು ಕಡೆ, ಕರಿದು ಒಂದು ಕಡೆ, ಮಿಂಚುವುದು ಇನ್ನೊಂದು ಕಡೆ. ಪೆಟ್ಟಿಗೆಗಳಿಗೆ ಮೂರು ಬೆರಳು ವಿಭೂತಿ ಎಳೆದು ಊದಿನಕಡ್ಡಿ ಹಚ್ಚಿದಳು.

ಬೋರು ಹಾಕಿಸುವ ಗುತ್ತಿಗೆದಾರನ ಸೂಪರ್‌ವೈಸರ್ ಕೊಟ್ರಯ್ಯ ಬಂದು, ಮಂಡಕ್ಕಿ ಕೊಬ್ಬರಿ ಮುಕ್ಕುತ್ತ, "ಈಗ ನೋಡವಾ, ಶೆಡ್ಡು ಲಕ್ಷಣ ಕಾಣ್ತತಿ," ಎಂದು ಹೋದ. ಅವನಿಗೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ಬುಧವಾರ ಬಂದ ಮರಿಸ್ವಾಮಿಗೆ. ಮರಿಸ್ವಾಮಿ ಕಂಪನಿಯ ಭೂವಿಜ್ಞಾನಿ, ಕಂಪ್ಲಿಯ ಅಕ್ಕಿಗಿರಣಿಯವರ ಮಗ. ಕಾಲುವೆ ನೀರು ಬಂದು ಕಂಪ್ಲಿಯಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತವಾದ ಮೇಲೆ ಅವನಪ್ಪನ ಒಂದು ಗಿರಣಿ ಮೂರಾಗಿತ್ತು, ಮಗ ಧಾರವಾಡದಲ್ಲಿ ಓದಿ ಕಲ್ಲಿನ ಸಾಹೇಬನಾಗಿದ್ದ. ಗಿರಣಿಯ ಪೂಜೆಗೆಂದು ಹತ್ತು ದಿನ ಊರಿಗೆ ಹೋಗಿದ್ದ. ಹೋಗುವ ಮುಂಚೆ ಏಳನೇ ಬೋರಿನ ಕಲ್ಲುಗಳನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಬರೆದುಕೊಂಡಿರಲಿಲ್ಲ. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ; ಅದರ ಬದಲು ಉಚ್ಚೆಂಗಮ್ಮನ ಮೇಲೆ ಹರಿಹಾಯ್ದ.

"ಇದು ಕಾಳಲ್ಲ, ಹಸನ ಮಾಡಾಕ. ಏನ್ ಮಾಡಿದಿ ಗೊತ್ತೈತೇನ್ ನಿನಗ?"

"ಪೂಜಿ ಮಾಡೀನ್ರಿ."

"ಪೂಜಿ." ಮರಿಸ್ವಾಮಿ ಒಂದು ಕೆಂಪು ತುಂಡನ್ನು ಎತ್ತಿ ಆಕೆಯ ಮುಖದ ಮುಂದೆ ಹಿಡಿದ. "ಈ ತೂತು ತೂತಿಂದು ಗುಡ್ಡದ ನೆತ್ತಿದು. ಮಳಿ ಬಿಸಿಲಿಗೆ ಕರಗೋದು ಕರಗಿ, ಉಳಿದ ಕಬ್ಬಿಣ ಗಟ್ಟಿ ಆಗಿದ್ದು. ಈ ಪಟ್ಟಿ ಪಟ್ಟಿಂದು ಒಂದಾನೊಂದು ಕಾಲಕ್ಕ ಸಮುದ್ರದ ತಳದಾಗ ಒಂದರ ಮ್ಯಾಲೊಂದು ಕುಂತ ರಾಡಿ. ಹಾಳಿ ಹಾಳಿ ಬಿಚ್ಚತತಲ್ಲ, ಅದು ಮಣ್ಣು. ಮ್ಯಾಲೆ ಭಾರ ಬಿದ್ದು, ಒಳಗ ಕಾವು ಹತ್ತಿ ಕಲ್ಲಾತು. ಹಸಿರು, ನೆಲದಾಗಿಂದ ಉಕ್ಕಿ ಹರಿದ ಬೆಂಕಿ ಆರಿದ್ದು. ಕರಿದು, ಎಲ್ಲಾ ಮುಗಿದ ಮ್ಯಾಲೆ ಕೆಳಗಿಂದ ಸೀಳಿಕೊಂಡು ನಡುವ ಹೊಕ್ಕಿದ್ದು. ಮೇಲಿಂದ ಕೆಳಕ್ಕ ಓದಿದ್ರ ಗುಡ್ಡ ಹುಟ್ಟಿದ ಕತಿ ತಿಳೀತತಿ. ಕೋಟಿ ಕೋಟಿ ವರ್ಷದ ಕತಿ, ನೀ ಒಂದ ದಿನಕ್ಕ ಕಲಸಿಟ್ಟಿ."

ಬೈಗುಳದ ನಡುವೆಯೇ ಉಚ್ಚೆಂಗಮ್ಮನಿಗೆ ಒಂದು ಸಂಶಯ ಬಂತು. ಸುಮ್ಮನಿರುವುದು ಆಕೆಯ ಜಾಯಮಾನವಲ್ಲ. "ಹಂಪಿ ಕಡೆ ಬಂಡೆಗಲ್ಲು ಇದರಾಗ ಯಾವುದಕ್ಕ ಸೇರ್ತತ್ರಿ? ನಮ್ಮಪ್ಪ ಅದನ್ನ ಒಡೀತಿದ್ದ."

ಮರಿಸ್ವಾಮಿಗೆ ಮೈಯೆಲ್ಲ ಉರಿಯಿತು. "ಅದು ಆಳದಾಗ ಸಾವಕಾಶ ಆರಿದ್ದು, ಅದಕ್ಕ ಕಲ್ಲಿನೊಳಗಿನ ಕಾಳು ದಪ್ಪ. ಜಲ್ದಿ ಆರಿದ್ರ ಕಾಳು ಸಣ್ಣ. ಆತಿಲ್ಲೋ ಪಾಠ? ಸೋಮವಾರ ಕಲಕತ್ತಾದಿಂದ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ. ಅಷ್ಟರಾಗ ಇದು ಇದ್ದಂಗ ಆಗಿರಬೇಕು. ಇಲ್ಲಂದ್ರ ಕೀಲಿ ಕೊಟ್ಟು ಕೋಣಿ ಖಾಲಿ ಮಾಡು."

ಹಿಂದೆ ನಿಂತಿದ್ದ ಕೊಟ್ರಯ್ಯ ಸಾಹೇಬರ ಸಿಟ್ಟಿಗೆ ತನ್ನದೂ ಒಂದಿಷ್ಟು ಸೇರಲಿ ಎಂದು ಆಕೆಯ ಬಕೆಟ್ಟನ್ನು ಒದ್ದ. ನಲವತ್ತು ಮೆಟ್ಟಿಲಿನ ನೀರು ನೆಲಕ್ಕೆ ಹೋಯಿತು.

ಅವರು ಹೋದ ಮೇಲೆ ಉಚ್ಚೆಂಗಮ್ಮ ಅಳಲಿಲ್ಲ, ಬೈದಳು. ಗಿರಣಿಯನ್ನು ಬೈದಳು, ಗಿರಣಿಯ ಮಗನನ್ನು ಬೈದಳು, ಬಾಯಿ ಬಿಟ್ಟು ಹೇಳದೆ ಕಲ್ಲಿನ ಮೇಲೆ ಗೀಚಿಡುವವರ ವಿದ್ಯೆಯನ್ನು ಬೈದಳು. ಬೈಯುತ್ತಲೇ ಒಂದು ಪಟ್ಟೆಕಲ್ಲು ಎತ್ತಿ ಅದರ ಮುರಿದ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಅಪ್ಪ ಹೀಗೆ ಆಡಿಸುತ್ತಿದ್ದ. ಒಂದು ಬಂಡೆಯಿಂದ ಒಡೆದ ಎರಡು ಹೋಳು ಎಲ್ಲಿದ್ದರೂ ಮುಖ ನೋಡಿ ಜೋಡಿ ಹೇಳುತ್ತಿದ್ದ. ಒಡೆದ ಕಲ್ಲಿಗೆ ಅದರ ಜೋಡಿ ಒಂದೇ, ಬೇರೆ ಯಾವುದೂ ಕೂಡುವುದಿಲ್ಲ. ಉಚ್ಚೆಂಗಮ್ಮ ಆ ತುಂಡಿಗೆ ಇನ್ನೊಂದನ್ನು ಹಚ್ಚಿ ನೋಡಿದಳು, ಮತ್ತೊಂದನ್ನು ಹಚ್ಚಿದಳು. ಹದಿನಾರನೆಯದು ಟಕ್ಕೆಂದು ಕೂತಿತು. ಇದರ ಪಟ್ಟೆ ಅದರೊಳಗೆ ನೆಟ್ಟಗೆ ಮುಂದುವರಿಯಿತು.

ಗುರುವಾರ, ಶುಕ್ರವಾರ ಆಕೆ ನೆಲ ಬಿಟ್ಟು ಏಳಲಿಲ್ಲ. ತೂತಿನ ಕೆಂಪು ಕಲ್ಲು ನೆತ್ತಿಯದು ಎಂದು ಬೈಗುಳದಲ್ಲೇ ಗೊತ್ತಾಗಿತ್ತು. ಅದು ಮೊದಲ ಪೆಟ್ಟಿಗೆಗೆ ಹೋಯಿತು. ಹಾಳೆಕಲ್ಲು, ಹಸಿರು ಕಲ್ಲು ಕೆಳಗಿನವು, ಅವು ಕೊನೆಗೆ. ಕರಿಕಲ್ಲು ಮಾತ್ರ ಸತಾಯಿಸಿತು. ಅದರಲ್ಲಿ ಪಟ್ಟೆಯಿಲ್ಲ, ಬಣ್ಣದ ಗುರುತಿಲ್ಲ. ಆಗ ಆಕೆಗೆ ಕಂಪ್ಲಿಯ ಆಲೆಮನೆ ನೆನಪಾಯಿತು. ಅಲ್ಲಿ ಎರಡು ಸುಗ್ಗಿ ದುಡಿದಿದ್ದಳು. ಬೆಲ್ಲದ ಪಾಕ ಅಚ್ಚಿನ ಅಂಚಿಗೆ ತಾಗಿದಲ್ಲಿ ಬೇಗ ಆರಿ ನುಣ್ಣಗಾಗುತ್ತಿತ್ತು, ನಡುವೆ ತಡವಾಗಿ ಆರಿ ಹರಳು ಹರಳಾಗುತ್ತಿತ್ತು. ಬೆಂಕಿಯಾಗಿ ನುಗ್ಗಿದ ಈ ಕರಿದೂ ತಣ್ಣನೆಯ ಕಲ್ಲಿಗೆ ತಾಗಿದ ಕಡೆ ಬೇಗ ಆರಿರಬೇಕಲ್ಲ? ತುಂಡುಗಳನ್ನು ಒದ್ದೆ ಮಾಡಿ ಬಿಸಿಲಿಗೆ ಹಿಡಿದಳು. ಕೆಲವು ನುಣುಪು, ಕೆಲವು ಕಾಳು ಕಾಳು. ನುಣುಪಿನವು ಎರಡೂ ಅಂಚಿಗೆ, ಕಾಳಿನವು ನಡುವೆ. ಇಟ್ಟು ನೋಡಿದರೆ ಒಂದೊಂದೂ ಕಚ್ಚಿಕೊಂಡಿತು. ಮರಿಸ್ವಾಮಿಯ ಮೇಲಿನ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ, ಆದರೆ ಅವನು ಹೇಳಿದ ಕತೆ ಸುಳ್ಳಲ್ಲ ಎಂದು ಕೈಗೆ ಗೊತ್ತಾಗಿ ಹೋಯಿತು.

ಶನಿವಾರ ಮಧ್ಯಾಹ್ನಕ್ಕೆ ಹನ್ನೊಂದು ಪೆಟ್ಟಿಗೆ ಮುಗಿದವು. ಉಳಿದದ್ದು ಮಿರಮಿರ ಮಿಂಚುವ ಗಟ್ಟಿ ಅದಿರು, ಒಂದು ಪೆಟ್ಟಿಗೆ ತುಂಬ. ಕಂಪನಿ ಹುಡುಕುತ್ತಿದ್ದದ್ದೇ ಅದನ್ನು. ಅದರ ತುಂಡುಗಳು ತಮ್ಮೊಳಗೆ ತಾವು ಕೂಡುತ್ತಿದ್ದವು, ಏಳನೇ ಬೋರಿನ ಯಾವ ತುಂಡಿಗೂ ಕೂಡಲಿಲ್ಲ. ಎರಡೂ ತುದಿ ಅನಾಥ. ಉಚ್ಚೆಂಗಮ್ಮ ಮೊದಲು ತನ್ನ ಕಣ್ಣನ್ನೇ ಅನುಮಾನಿಸಿದಳು, ಆಮೇಲೆ ಶೆಡ್ಡನ್ನು. ತುದಿಯ ತುಂಡೊಂದನ್ನು ಹಿಡಿದು ಹಿಂದಿನ ಕಪಾಟುಗಳಿಗೆ ಹೋದಳು. ಮೂರನೇ ಬೋರಿನ ಒಂದು ಪೆಟ್ಟಿಗೆ ಖಾಲಿಯಿತ್ತು. ಅದರ ಹಿಂದಿನ ಪೆಟ್ಟಿಗೆಯ ಕೊನೆಯ ಕಲ್ಲಿಗೆ ಈ ತುಂಡು ಹಚ್ಚಿದಳು. ಟಕ್.

"ಏನ್ ಹುಡುಕಾಕತ್ತಿ?" ಬಾಗಿಲಲ್ಲಿ ಕೊಟ್ರಯ್ಯ ನಿಂತಿದ್ದ.

"ಇದು ಏಳನೇ ಬೋರಿಂದಲ್ರಿ, ಮೂರನೇದು. ಯಾರು ತಂದಿಟ್ರು?"

ಕೊಟ್ರಯ್ಯ ಹತ್ತಿರ ಬಂದು ದನಿ ತಗ್ಗಿಸಿದ. "ಏಳನೇದರಾಗ ಆ ಆಳಕ್ಕ ಬರೇ ಪುಡಿ ಇತ್ತು, ನೀರಾಗ ಕೊಚ್ಚಿಕೊಂಡು ಹೋತು. ಖಾಲಿ ಸಾಲು ತೋರಿಸಿದ್ರ ನಿಮ್ಮ ಖರ್ಚಿನಾಗ ಬೋರು ಮತ್ತ ಹಾಕ್ರಿ ಅಂತಾರ. ಸುಮ್ನ ಇದನ್ನ ಅಲ್ಲಿಡು. ಲೈನಿನಾಗ ಕೋಣಿ ಬೇಕಂತ ಹತ್ತು ಮಂದಿ ನನ್ನ ಹಿಂದ ಅಡ್ಡಾಡ್ತಾರ."

ಭಾನುವಾರ ಉಚ್ಚೆಂಗಮ್ಮ ಮರಿಸ್ವಾಮಿಗೆ ಎಲ್ಲ ತೋರಿಸಿದಳು. ಕೂಡುವುದನ್ನು ತೋರಿಸಿದಳು, ಕೂಡದ್ದನ್ನೂ ತೋರಿಸಿದಳು. ಅವನು ಒಂದು ತುಂಡು ಕೈಗೆತ್ತಿಕೊಂಡು ಎರಡೂ ತುದಿ ತಿರುಗಿಸಿ ನೋಡಿದ. ಹನ್ನೊಂದು ಪೆಟ್ಟಿಗೆ ಸರಿಯಾಗಿವೆ ಎಂದು ಅವನಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಹನ್ನೆರಡನೆಯದು ಕಳ್ಳಮಾಲು ಎಂದೂ ಗೊತ್ತಾಯಿತು. ಗೊತ್ತಿಲ್ಲದೆ ಮಾಡಿದ್ದರೆ ನಾವು ಅವನನ್ನು ಬಿಡಬಹುದಿತ್ತು.

"ಊರಿಗೆ ಹೋಗೂಮುಂದ ನೋಡಬೇಕಾಗಿತ್ತು ನಾನು," ಎಂದು ತನಗೆ ತಾನೇ ಅಂದುಕೊಂಡ. ಆಮೇಲೆ ಆಕೆಗೆ ಹೇಳಿದ: "ತುಂಬು. ನಿನ್ನ ಯಾರೂ ಏನೂ ಕೇಳಿಲ್ಲ."

ಉಚ್ಚೆಂಗಮ್ಮ ತುಂಬಿದಳು. ಬಾಗಿಲಿನ ಅಗುಳಿ ಕಣ್ಣಿಗೆ ಕಟ್ಟಿ ತುಂಬಿದಳು. ತನ್ನ ಮೇಲೆ ತನಗೇ ಹೇಸಿಗೆ ಬಂತು.

ಸೋಮವಾರ ದೊಡ್ಡ ಸಾಹೇಬ ಬಂದ. ಬಿಳಿ ಕೂದಲಿನ ಒಣಕಲು ಮನುಷ್ಯ. ಹರೆಯದಲ್ಲಿ ಬಳ್ಳಾರಿ ಕಡೆಯ ಗುಡ್ಡಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಅಲೆದವನಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ಪೆಟ್ಟಿಗೆಗಳ ಉದ್ದಕ್ಕೂ ಬಗ್ಗಿ ನಡೆದ. ಕರಿಕಲ್ಲಿನ ಹತ್ತಿರ ನಿಂತು ಅಂಚಿನ ನುಣುಪು ಸವರಿದ. "ಭಾಳ ಚಂದ ಜೋಡಿಸೀರಿ. ಇಷ್ಟು ಹೊಂದಿಸಿದ್ದು ನಾನೂ ಕಂಡಿಲ್ಲ."

"ಒಂದೊಂದು ತುಂಡೂ ನಾನ ಕುಂತು ಹೊಂದಿಸೀನಿ ಸರ್," ಎಂದ ಮರಿಸ್ವಾಮಿ.

ಉಚ್ಚೆಂಗಮ್ಮ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಪೊರಕೆಯ ಕಟ್ಟು ಬಿಚ್ಚುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ದೊಡ್ಡ ಸಾಹೇಬ ಅದಿರಿನ ಪೆಟ್ಟಿಗೆಗೆ ಬಂದ. ಮೊದಲ ತುಂಡು ಎತ್ತಿ ಹಿಂದಿನದಕ್ಕೆ ಹಚ್ಚಿದ. ಕೂಡಲಿಲ್ಲ. ತಿರುಗಿಸಿ ಹಚ್ಚಿದ. ಕೂಡಲಿಲ್ಲ. ಪೆಟ್ಟಿಗೆಯ ಕೊನೆಯದನ್ನೂ ನೋಡಿದ. "ಇದನ್ನೂ ನೀವ ಕುಂತು ಹೊಂದಿಸಿದ್ರೇನು?"

ಮರಿಸ್ವಾಮಿಯ ಮುಖ ಸುಣ್ಣವಾಯಿತು. ಆದರೆ ನಾಲಿಗೆ ತಡವರಿಸಲಿಲ್ಲ. "ಇಲ್ಲ ಸರ್. ಈ ಹೆಂಗಸು ಪೂಜಿ ಅಂತ ತೊಳ್ಯಾಕ ಹೋಗಿ ಬೇರೆ ಬೋರಿನ ಕಲ್ಲು ಕಲಸಿಟ್ಟಾಳ. ಇವತ್ತ ಕೆಲಸದಿಂದ ತೆಗೀತೀನಿ. ಕೊಟ್ರಯ್ಯ, ಕೋಣಿ ಕೀಲಿ ಇಸ್ಕೊ."

ಹೇಸಿಗೆ ನುಂಗಿ ಉಳಿಸಿಕೊಂಡದ್ದು ಒಂದು ದಿನವೂ ಉಳಿಯಲಿಲ್ಲ. ಇನ್ನು ಯಾವುದಕ್ಕೆ ಹೆದರಬೇಕು? ಉಚ್ಚೆಂಗಮ್ಮ ಪೊರಕೆ ಬಿಸಾಡಿ ಬಂದು ದೊಡ್ಡ ಸಾಹೇಬನ ಕೈಯಿಂದ ಕಲ್ಲು ಕಿತ್ತುಕೊಂಡಳು.

"ಕಲಸಿದ್ದು ನಾನ ಖರೆ. ಹೊಂದಿಸಿದ್ದೂ ನಾನ. ಆ ಕರಿಕಲ್ಲಿನ ನುಣುಪು ಯಾಕ ಅಂಚಿಗೆ ಬಂತಂತ ಈ ಸಾಹೇಬ್ರನ್ನ ಕೇಳಬ್ಯಾಡ್ರಿ, ನನ್ನ ಕೇಳ್ರಿ. ಆದ್ರ ಈ ಅದಿರು ನಾ ತಂದಿದ್ದಲ್ಲ. ಬರ್ರಿ ಇಲ್ಲೆ."

ಹಿಂದಿನ ಕಪಾಟಿಗೆ ಹೋಗಿ ಮೂರನೇ ಬೋರಿನ ಪೆಟ್ಟಿಗೆ ಎಳೆದಳು. ಖಾಲಿ ಜಾಗದ ಹಿಂದಿನ ಕಲ್ಲಿಗೆ ಕೈಯಲ್ಲಿದ್ದುದನ್ನು ಹಚ್ಚಿದಳು. ಟಕ್ಕೆಂದ ಸದ್ದು ಶೆಡ್ಡಿನ ತಗಡಿಗೂ ಕೇಳಿಸಿತು.

"ನಿನ್ನೆ ಇದನ್ನ ಇವರಿಗೆ ತೋರಿಸೀನಿ. ತುಂಬು ಅಂದ್ರು, ತುಂಬಿದೆ. ಅದು ನನ್ನ ತಪ್ಪು, ಬರಕೊಳ್ರಿ."

ದೊಡ್ಡ ಸಾಹೇಬ ಕನ್ನಡಕ ಒರೆಸಿಕೊಂಡ, ಹಾಕಿಕೊಂಡ, ಮತ್ತೆ ಒರೆಸಿಕೊಂಡ. ಆಕೆಗೆ ಅವನು ಶಾಬಾಸ್ ಅನ್ನಲಿಲ್ಲ. ಅಂಥ ಜಾತಿಯ ಮನುಷ್ಯನೂ ಅಲ್ಲ ಅವನು. ಮರಿಸ್ವಾಮಿಗೆ ಹೇಳಿದ: "ಒಂದನೇ ಬೋರಿಂದ ಏಳನೇದರ ತನಕ ಎಲ್ಲಾ ಪೆಟ್ಟಿಗಿ ಇಳಿಸ್ರಿ. ಒಂದೊಂದು ಜೋಡಿನೂ ನೋಡಬೇಕು. ಈಕೀನ ಬಿಟ್ಟು ಬೇರೆ ಯಾರೂ ಕಲ್ಲು ಮುಟ್ಟಬಾರದು. ಮುಗಿಯೋ ತನಕ ನೀವಿಬ್ಬರೂ ಈಕಿ ಕೇಳಿದ್ದು ಕೊಡಬೇಕು. ನಿಮ್ಮ ವಿಚಾರ ಆಮ್ಯಾಲೆ."

ಕೊಟ್ರಯ್ಯ ಹಲ್ಲು ಕಡಿಯುತ್ತ ಮೊದಲ ಪೆಟ್ಟಿಗೆ ಇಳಿಸಿದ. ಉಚ್ಚೆಂಗಮ್ಮ ಸೆರಗು ಸಿಕ್ಕಿಸಿ ನೆಲಕ್ಕೆ ಕೂತಳು. ಒಂದನೇ ಬೋರಿನ ಮೊದಲ ಕೆಂಪು ಕಲ್ಲನ್ನು ಕೈಗೆ ತೆಗೆದುಕೊಂಡು ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಕೊಟ್ರಯ್ಯ ಅಂದು ಒದ್ದು ಸೊಟ್ಟಗಾಗಿದ್ದ ಬಕೆಟ್ಟನ್ನು ಕಾಲಿನಿಂದ ಮರಿಸ್ವಾಮಿಯ ಕಡೆ ಸರಿಸಿದಳು.

"ನೀರು ಬೇಕ್ರಿ."

ಕಂಪ್ಲಿಯ ಮೂರು ಗಿರಣಿಯ ಮಗ ಬಗ್ಗಿ ಬಕೆಟ್ಟು ಎತ್ತಿಕೊಂಡ. ಬಾಗಿಲು ದಾಟುವಾಗ ಆಕೆ ತಲೆ ಎತ್ತದೆ ಹೇಳಿದಳು:

"ಕೆಳಗಿನ ತೊಟ್ಟಿದು ಬ್ಯಾಡ್ರಿ, ರಾಡಿ ಐತಿ. ಮ್ಯಾಲಿಂದು ತರ್ರಿ."