ಎಡಗಾಲಿನ ಸದ್ದು

"ರೀ, ಇನ್ನೊಂದ್ಸಲ ಹಾಕಿ. ಇವರ ಎಡಗಾಲು ನಂಗಿನ್ನೂ ಸಿಕ್ಕಿಲ್ಲ," ಎಂದು ಸದ್ದಿನಕ್ಕ ಗಾಜಿನಾಚೆ ಕೂತ ಗಂಡನಿಗೆ ಕೂಗಿ ಹೇಳಿದಳು. ಗಂಡ ನಿಟ್ಟುಸಿರುಬಿಟ್ಟು ಚಿತ್ರವನ್ನು ಮತ್ತೆ ಹಿಂದಕ್ಕೆ ಓಡಿಸಿದ.

ಸಿನಿಮಾದ ಹೊಡೆದಾಟಗಳಿಗೆ ಸದ್ದು ಮಾಡಿಕೊಡುವುದು ಅವಳ ಕಸುಬು. ಪರದೆಯ ಮೇಲಿನ ಗುದ್ದು ಯಾರ ಮೈಗೂ ತಾಗುವುದಿಲ್ಲ; ಅದರ ಸದ್ದು ಹುಟ್ಟುವುದು ಈ ಕೋಣೆಯಲ್ಲಿ, ಒದ್ದೆ ಟವೆಲು ಸುತ್ತಿದ ಹಳೇ ಚರ್ಮದ ಚೀಲದ ಮೇಲೆ. ಹೆಜ್ಜೆಯ ವಿಷಯದಲ್ಲಿ ಮಾತ್ರ ಅವಳದೊಂದು ಹಟ. ನಟ ತೊಟ್ಟ ಬೂಟನ್ನೇ ತರಿಸಿಕೊಂಡು, ತುದಿಗೆ ಬಟ್ಟೆ ತುರುಕಿ, ಹಲಗೆಯ ಮೇಲೆ ತಾನೇ ನಡೆಯಬೇಕು. ಕಡ್ಡಿಯಂಥ ಹೆಂಗಸು ದೊಡ್ಡ ಬೂಟು ಹಾಕಿಕೊಂಡು ಪರದೆಯ ಮುಂದೆ ಕುಣಿಯುವುದನ್ನು ನೋಡಿ ನೋಡಿ ಗಂಡನಿಗೆ ಈಗ ನಗುವೂ ಬರುತ್ತಿರಲಿಲ್ಲ.

ಈ ಸಲದ ಬೂಟು ಸ್ಪ್ರಿಂಗಣ್ಣನದು. ಹರೆಯದಲ್ಲಿ ಗೋಡೆಗೆ ಕಾಲು ಕೊಟ್ಟು ಚಿಮ್ಮುತ್ತಿದ್ದವನಿಗೆ ಅಂಟಿಕೊಂಡ ಹೆಸರು ಅದು. ಇಪ್ಪತ್ತೆರಡು ವರ್ಷದಿಂದ ನಾಯಕರ ಕೈಯಲ್ಲಿ ಒದೆ ತಿನ್ನುವುದೇ ಅವನ ಕೆಲಸ. ಎಡ ಬೂಟಿನ ಹಿಮ್ಮಡಿ ಹೊರಬದಿಯಲ್ಲಷ್ಟೇ ಸವೆದಿತ್ತು. ಒಳಗೆ ಮಡಿಸಿದ ಬಟ್ಟೆಯೊಂದನ್ನು ಹೊಲಿಯಲಾಗಿತ್ತು. ಇದೇಕೆ ಎಂಬ ಪ್ರಶ್ನೆ ತಲೆಗೆ ಹೊಕ್ಕಮೇಲೆ ಸದ್ದಿನಕ್ಕನನ್ನು ಹಿಡಿಯುವವರಿಲ್ಲ. ನಿಧಾನಕ್ಕೆ ಓಡಿಸಿ ನೋಡಿದರೆ, ಹಾರಿ ಇಳಿದಾಗಲೆಲ್ಲ ಆ ಎಡಗಾಲು ಒಂದು ಚೂರು ತಡವಾಗಿ, ಹೆದರುತ್ತಾ ನೆಲ ಮುಟ್ಟುತ್ತಿತ್ತು. ಸಂಜೆಯ ಹೊತ್ತಿಗೆ ಅವಳು ಆ ಹೆದರಿಕೆಯನ್ನೂ ಹಲಗೆಯ ಮೇಲೆ ಹಿಡಿದುಬಿಟ್ಟಳು. ಮನೆಗೆ ಹೋಗುವಾಗ ಬಲು ಹಿಗ್ಗಿನಲ್ಲಿದ್ದಳು.

ಮರುದಿನ ಬೆಳಿಗ್ಗೆ ಹೊರಗಿನ ಹದಿನೆಂಟು ಮರದ ಮೆಟ್ಟಿಲು ಹತ್ತಿ ಬಂದ ನಿರ್ದೇಶಕ ಅದನ್ನು ಕೇಳಿ ಹುಬ್ಬು ಗಂಟಿಕ್ಕಿದ.

"ಇದೇನಕ್ಕಾ, ಇವನು ಕುಂಟ್ತಾ ಇದ್ದಾನಲ್ಲ?"

"ಇಲ್ಲ ಸರ್, ಅದು..."

"ನೋಡಿದ್ರೆ ಗೊತ್ತಾಗಲ್ಲ, ಕೇಳಿದ್ರೆ ಗೊತ್ತಾಗುತ್ತೆ. ಮುಂದಿನ ಸಿನಿಮಾದಲ್ಲಿ ಗುರುವಿನ ಪಾತ್ರ ಇವನಿಗೇ ಅಂತ ಇಟ್ಕೊಂಡಿದ್ದೆ. ಮಂಡಿ ಹೋಗಿದ್ರೆ ಬೇರೆಯವರನ್ನ ಹುಡುಕ್ಬೇಕು. ಎರಡು ಗಂಟೆಗೆ ಅವನೂ ಬರ್ತಾನೆ. ಇನ್ನೊಂದ್ಸಲ ಕೇಳಿ ತೀರ್ಮಾನ ಮಾಡ್ತೀನಿ."

ಅವನು ಹೋದಮೇಲೆ ಸದ್ದಿನಕ್ಕ ಸ್ಟೂಲಿನ ಮೇಲೆ ಕುಸಿದಳು. ಕ್ಯಾಮೆರಾದ ಕಣ್ಣಿಗೇ ಮಣ್ಣೆರಚಿ ಆ ಮನುಷ್ಯ ಮುಚ್ಚಿಟ್ಟದ್ದನ್ನು ತಾನು ಡಂಗುರ ಸಾರಿಬಿಟ್ಟಳಲ್ಲ! ಏನು ಮಾಡುವುದೆಂದು ತೋಚದೆ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳುತ್ತಾ ಕೂತಳು.

"ಅದು ನನ್ನ ಕಾಲಲ್ವಾ?"

ಸ್ಪ್ರಿಂಗಣ್ಣ ಒಂದು ಗಂಟೆ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ. ಮುಖದ ತುಂಬ ನಗು.

"ಇಷ್ಟು ವರ್ಷ ನಂಗೆ ಯಾರ್ಯಾರದೋ ಹೆಜ್ಜೆ ಹಾಕ್ತಿದ್ರು. ಇದು ಮಾತ್ರ ನಂದೇ. ಮನೆಗೆ ಹೋದ್ರೆ ನನ್ನ ಹೆಂಡ್ತಿ ಹೀಗೇ ನಡೆದು ಅಣಕಿಸ್ತಾಳೆ. ಹೇಗೆ ಕಂಡುಹಿಡಿದ್ರಮ್ಮಾ?"

"ನಿಮ್ಮ ಶೂ ಹೇಳ್ತು ಅಣ್ಣ. ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು," ಎಂದು ಅವಳು ನಿರ್ದೇಶಕನ ಮಾತನ್ನೆಲ್ಲ ಹೇಳಿದಳು.

ಅವನ ನಗು ಇಳಿಯಿತು. ಎಡಗಾಲನ್ನು ನೀಡಿ ಕೂತು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆ ಗುರು ಕೊನೇಲಿ ಗೆಲ್ತಾನಮ್ಮಾ. ಒಂದೇ ಒಂದ್ಸಲ ಗೆದ್ದು ಆಮೇಲೆ ಬಿಟ್ಬಿಡ್ತೀನಿ ಅಂತ ಮನೇಲಿ ಮಾತು ಕೊಟ್ಟಿದ್ದೀನಿ."

"ಮಂಡಿ ತಡೆಯುತ್ತಾ?"

"ಗೊತ್ತಿಲ್ಲ. ತಡೆಯುತ್ತಾ ಅಂತ ನೋಡೋ ಆಸೆ ನಂಗೂ ಇದೆ."

ಸದ್ದಿನಕ್ಕ ಮತ್ತೆ ಬೂಟು ಏರಿಸಿದಳು. ಈ ಬಾರಿ ಎಡ ಬಲ ಎರಡನ್ನೂ ಒಂದೇ ತೂಕದಲ್ಲಿ ಇಟ್ಟಳು. ಸ್ಪ್ರಿಂಗಣ್ಣ ಕಣ್ಣು ಮುಚ್ಚಿ ಕೇಳಿದ. "ಯಾವನೋ ಎಳೇ ಹುಡುಗ ಬಂದ ಹಾಗಿದೆ," ಎಂದ. ಅವಳು ಅದನ್ನೇ ಉಳಿಸುವಂತೆ ಗಂಡನಿಗೆ ಕೈಸನ್ನೆ ಮಾಡಿದಳು.

ಎರಡು ಗಂಟೆಗೆ ನಿರ್ದೇಶಕ ಕೇಳಿ ತಲೆದೂಗಿದ.

"ಈಗ ಸರಿಹೋಯ್ತು. ಬೆಳಿಗ್ಗೆ ಏನಾಗಿತ್ತಕ್ಕಾ?"

"ಶೂ ನಂಗೆ ದೊಡ್ಡದು ಸರ್. ಜಾರ್ತಿತ್ತು."

ಗಾಜಿನಾಚೆ ಗಂಡ, ಇಲ್ಲದ ತಂತಿಯೊಂದನ್ನು ಹುಡುಕುವವನಂತೆ ಬಗ್ಗಿಕೊಂಡ. ನಿರ್ದೇಶಕ ಸ್ಪ್ರಿಂಗಣ್ಣನ ಕೈ ಕುಲುಕಿ, ಮುಂದಿನ ತಿಂಗಳೇ ಚಿತ್ರೀಕರಣ ಶುರು ಎಂದ. ಬಾಗಿಲವರೆಗಿನ ಆರು ಹೆಜ್ಜೆಯನ್ನು ಸ್ಪ್ರಿಂಗಣ್ಣ ಜಮಖಾನದ ಮೇಲೆ ಲೀಲಾಜಾಲವಾಗಿ ನಡೆದ. ಅವನನ್ನು ಕಳಿಸಿಕೊಟ್ಟ ನಿರ್ದೇಶಕ ಮೆಟ್ಟಿಲಿಗೆ ಬೆನ್ನು ಮಾಡಿ ತೆರೆದ ಬಾಗಿಲಿಗೆ ಒರಗಿ ಫೋನು ನೋಡುತ್ತಾ ಅಲ್ಲೇ ನಿಂತ.

ಮೆಟ್ಟಿಲ ಮೇಲೆ ಮೊದಲ ಹೆಜ್ಜೆ ಬಿತ್ತು. ಎರಡನೆಯದು ತಡವಾಯಿತು. ನಿರ್ದೇಶಕ ತಲೆ ಎತ್ತಿದ.

ಸದ್ದಿನಕ್ಕ ಕೋಲು ಎತ್ತಿಕೊಂಡು ಚರ್ಮದ ಚೀಲಕ್ಕೆ ಬಾರಿಸಿದಳು.

"ಏನಕ್ಕಾ, ಎಲ್ಲ ಮುಗೀತಲ್ಲ?"

"ಗುದ್ದು ಬಾಕಿ ಇದೆ ಸರ್!" ಎಂದು ಕೂಗಿ ಹೇಳಿ ಇನ್ನೊಂದು ಹಾಕಿದಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ಏಟು ಎಣಿಸುತ್ತಾ ಹೋದಳು. ಹನ್ನೊಂದಕ್ಕೆ ತೋಳು ಸೋತಿತು; ಕೆಳಗೆ ಅವನು ಇನ್ನೂ ಇಳಿಯುತ್ತಿದ್ದ. ಒದ್ದೆ ಟವೆಲಿನ ನೀರು ಅವಳ ಮುಖಕ್ಕೆ ಸಿಡಿಯುತ್ತಿತ್ತು. ಹದಿನೆಂಟಾಯಿತು. ಕೆಳಗಿನ ಬಾಗಿಲು ಮುಚ್ಚಿಕೊಂಡಿತು. ಆಮೇಲೂ ಅವಳು ನಾಲ್ಕು ಏಟು ಹೆಚ್ಚಿಗೆ ಹಾಕಿದಳು, ಬೀದಿ ದಾಟಿಕೊಳ್ಳಲಿ ಎಂದು.