ಕಡೆಗಣ್ಣಿಗೆ ಬಿದ್ದ ಅಣಕ

ಕ್ಷೌರಿಕನ ಹೆಂಡತಿಗೆ ಒಂದು ಕೆಟ್ಟ ಚಾಳಿ. ಗಂಡ ಗಂಭೀರವಾಗಿ ಗಿರಾಕಿಯ ಗಡ್ಡ ಹೆರೆಯುತ್ತಿದ್ದರೆ, ಇವಳು ಟವೆಲ್ ಮಡಚುವ ನೆಪದಲ್ಲಿ ಕನ್ನಡಿಗೆ ಬೀಳದ ಮೂಲೆಯಲ್ಲಿ ನಿಂತು ನಾಲಿಗೆ ಚಾಚಿ ಅಣಕಿಸುವಳು. ಅವನು ಕಡೆಗಣ್ಣಲ್ಲೇ ನೋಡಿ ಕಿಸಕ್ಕನೆ ನಗುವನು. ಪಾಪ, ಗಿರಾಕಿ ತನ್ನ ಮೂತಿಗೇ ನಕ್ಕನೆಂದುಕೊಂಡು ಕನ್ನಡಿ ನೋಡಿಕೊಳ್ಳುವನು. ಮದುವೆಯಾದಂದಿನಿಂದ ಇದೇ ಆಟ.

ಈ ವರ್ಷ ಅವನು ನಗುವುದನ್ನೇ ಬಿಟ್ಟ. ಅಣಕಿಸಿ ಅಣಕಿಸಿ ಇವಳ ದವಡೆ ನೋಯಿತೇ ಹೊರತು ಮಹಾರಾಯ ತಿರುಗಿಯೂ ನೋಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ. ಇವಳು ಉಂಡು, ಮಲಗಿ, ಎದ್ದು ಮತ್ತೆ ಮುಂದುವರಿಸಿದಳು. "ನಾನು ನಿಮಗೆ ಬೇಡವಾಗಿದೀನಿ ಅಂತ ಬಾಯಿ ಬಿಟ್ಟು ಹೇಳಿಬಿಡಿ!" ಎಂದು ಒಂದು ಬೆಳಿಗ್ಗೆ ಅಂಗಡಿಯಲ್ಲೇ ಕೂಗಿದಳು. "ಯಾಕೇ, ಏನಾಯ್ತೀಗ?" ಎಂದವನು ತಲೆ ಹಿಡಿದುಕೊಂಡು, ವಾಂತಿ ಮಾಡಿ, ಕುರ್ಚಿಯಲ್ಲಿ ಕುಸಿದ.

ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಿದೆ, ಅದರೊಳಗೆ ರಕ್ತಸ್ರಾವವಾಗಿ ಕಣ್ಣಿನ ನರ ಒತ್ತುತ್ತಿದೆ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಇವತ್ತೇ ಆಪರೇಷನ್ ಆಗಬೇಕು. ದೃಷ್ಟಿ ಎಷ್ಟು ಉಳಿಯುತ್ತದೋ ಆಮೇಲೆ ನೋಡಬೇಕು.

ಇವಳು ಡಾಕ್ಟರಮ್ಮನ ಕೈ ಹಿಡಿದುಕೊಂಡಳು. "ನಾನೇ ಕೂಗಾಡಿದ್ದು ಡಾಕ್ಟ್ರಮ್ಮಾ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅದಕ್ಕೇ ರಕ್ತ ಬಂತಾ?"

"ಅಯ್ಯೋ, ಹೆಂಡ್ತಿ ಬೈದಿದ್ದಕ್ಕೆಲ್ಲ ಹೀಗಾಗೋದಾಗಿದ್ರೆ ನಮ್ಮ ಮನೆಯವರು ಯಾವತ್ತೋ ಇಲ್ಲಿರ್ತಿದ್ರು. ಗಡ್ಡೆ ದೊಡ್ಡದು, ಬೆಳೆದಷ್ಟೂ ಅದಕ್ಕೆ ರಕ್ತ ಸಾಲಲ್ಲ. ಒಳಗಿನ ರಕ್ತನಾಳಗಳು ಬಲ ಇಲ್ಲದವು. ಮೇಲೆ ಬೀಪಿ, ಜೊತೆಗೆ ಹೃದಯಕ್ಕೆ ಅಂತ ರಕ್ತ ತೆಳು ಮಾಡೋ ಮಾತ್ರೆ. ಎಲ್ಲ ಸೇರಿರಬಹುದು, ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸೋಕೆ ನಮಗೂ ಆಗಲ್ಲ. ಅಂದಹಾಗೆ, ಅವರಿಗೆ ಎರಡೂ ಪಕ್ಕ ಕಾಣ್ತಿರಲಿಲ್ಲ, ಗೊತ್ತಿತ್ತಾ? ನಿಧಾನವಾಗಿ ಮುಚ್ಕೊಂಡು ಬಂದಿರತ್ತೆ, ಅವರಿಗೇ ತಿಳಿದಿರಲ್ಲ."

ಇವಳು ಬೆಂಚಿನ ಮೇಲೆ ಕೂತುಬಿಟ್ಟಳು. ಹಾಗಾದರೆ ಅವನು ಮುನಿಸಿಕೊಂಡಿರಲೇ ಇಲ್ಲ! ಅಳು ಬಂತು, ಅಂಥ ಹೊತ್ತಲ್ಲೂ ಹಾಲು ಕುಡಿದಷ್ಟು ಸಂತೋಷವಾಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಮೂಗಿನ ಮೂಲಕವೇ ಗಡ್ಡೆ ತೆಗೆದರು. ಅವನು ಚೇತರಿಸಿಕೊಂಡು ಮತ್ತೆ ಅಂಗಡಿ ತೆರೆದ ದಿನ, ಪಕ್ಕದ ನೋಟ ಎಷ್ಟು ಮರಳಿದೆ ಎಂದು ಕೇಳಲು ಇವಳಿಗೆ ಧೈರ್ಯವಿಲ್ಲ. ಮೊದಲ ಗಿರಾಕಿ, ದಪ್ಪ ಮೀಸೆಯ ಪೋಸ್ಟ್‌ಮ್ಯಾನ್, ಕುರ್ಚಿಯಲ್ಲಿ ಆಕಳಿಸುತ್ತ ಕೂತ. ಇವಳು ಟವೆಲ್ ಹಿಡಿದು ಹಳೆಯ ಮೂಲೆಗೆ ಹೋದಳು. ಅವನು ನೋಡದೇ ಹೋದರೆ? ಆದದ್ದಾಗಲಿ ಎಂದು ನಾಲಿಗೆ ಚಾಚಿದಳು.

ಅವನು ಕತ್ತು ತಿರುಗಿಸಲಿಲ್ಲ. ಕತ್ತರಿ ಆಡುತ್ತಲೇ ಇತ್ತು.

"ಸಾಕು, ಬಾಯಿ ಮುಚ್ಚೇ," ಎಂದ, ಕಿಸಕ್ಕನೆ ನಗುತ್ತ. "ನೊಣ ಹೋಗತ್ತೆ."

ಪೋಸ್ಟ್‌ಮ್ಯಾನ್ ಗಾಬರಿಯಿಂದ ಬಾಯಿ ಮುಚ್ಚಿಕೊಂಡ.