ಎರಡನೆಯ ಗುಂಡಿ

ಕುಲಗೋಡದ ಊರತೋಟದಲ್ಲಿ ಗೊಬ್ಬರದ ಎರಡನೆಯ ಗುಂಡಿ ತೋಡಿಸಿದರು. ಅದು ಮುಸಲ್ಮಾನರ ಮನೆಗಳ ಕಸಕ್ಕೆ.

ಮೊದಲನೆಯ ಗುಂಡಿಗೆ ಒಂದೂವರೆ ವರ್ಷ. ಬಸ್ಸು ತಿರುಗುವ ಜಾಗದ ಹಿಂದೆ ಹಳೆಯ ತಿಪ್ಪೆಯಿತ್ತು. ಅಲ್ಲಿ ತೋಟ ಮಾಡಲು ಮೊದಲು ಸಲಿಕೆ ಹಾಕಿದವರು ಯಮನವ್ವ ಮತ್ತು ಮೈಮುನಾಬಿ, ಕಬ್ಬಿನ ಕಳೆ ತೆಗೆಯಲು ಜೊತೆಗೆ ಹೋಗುವ ಗೆಳತಿಯರು. ಆಮೇಲೆ ಹದಿನಾಲ್ಕು ಮನೆಯವರು ಕೂಡಿದರು. ರವಿವಾರಕ್ಕೊಮ್ಮೆ ಎಲ್ಲರೂ ಬರುತ್ತಾರೆ. ಯಾರಿಗೂ ಪಗಾರವಿಲ್ಲ. ಬರುವಾಗ ಮನೆಯ ಸಿಪ್ಪೆಯ ಬುಟ್ಟಿ ತರಬೇಕು, ಹೋಗುವಾಗ ಕಾಯಿಪಲ್ಲೆ ಒಯ್ಯಬೇಕು. ಉಳಿದದ್ದು ಮಠದ ಸೋಮವಾರದ ದಾಸೋಹಕ್ಕೆ.

ಮೈಮುನಾಬಿಯ ಮೊಮ್ಮಗಳು ಹೀನಾ ಅರಭಾವಿಯಲ್ಲಿ ತೋಟಗಾರಿಕೆ ಓದುತ್ತಾಳೆ. ಒಣ ಎಲೆ, ಹಸಿ ಸಿಪ್ಪೆ, ಸಗಣಿ ಎಂದು ಗುಂಡಿಗೆ ಪದರ ಹಾಕುವುದನ್ನು ತೋರಿಸಿಕೊಟ್ಟವಳು ಅವಳೇ. ಎಲುಬು, ಎಣ್ಣೆ ಹತ್ತಿದ ಉಣಿಸು ಯಾರ ಮನೆಯದೂ ಬೇಡವೆಂದು ನೇಮ ಮಾಡಿದವಳೂ ಅವಳೇ. ನೇಮವನ್ನು ಯಾರೂ ಮುರಿದಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಗುಂಡಿ ತಿರುವುವ ಕೆಲಸ ಯಮನವ್ವನದು. ಹಾಗಾಗಿ ಊರಿನ ಅರ್ಧ ಗುಟ್ಟು ಅವಳಿಗೆ ಗೊತ್ತು. ಯಾರ ಮನೆಯಲ್ಲಿ ಈ ವಾರ ಸಂತೆಯಾಗಿಲ್ಲ, ಯಾರ ಮನೆಗೆ ಬೀಗರು ಬಂದಿದ್ದಾರೆ, ಮೊಟ್ಟೆ ಮುಟ್ಟುವುದಿಲ್ಲ ಎನ್ನುವ ಯಾವ ಮನೆಯ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಪೇಪರು ಸುತ್ತಿಕೊಂಡು ಬರುತ್ತದೆ. ಬದನೆಗೆ ಒಳ್ಳೆಯದೆಂದು ಅದನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸುತ್ತಿದ್ದಳು. ಬಾಯಿಗೆ ತಂದವಳಲ್ಲ.

ಈ ರವಿವಾರ ತೋಟದ ಬಳಗದ ಹಿರಿಯರಾದ ಮುರಿಗೆಪ್ಪ ಮಾಸ್ತರರು ಬಾಗಿಲಲ್ಲೇ ನಿಂತಿದ್ದರು.

"ದಾಸೋಹಕ್ಕ ಹೋಗೂ ಕಾಯಿಪಲ್ಲೆ ಐತಿ ಯಮನವ್ವಾ. ನನಗೇನಿಲ್ಲ. ಮಂದಿ ಕೇಳ್ತಾರ."

"ಯಾವ ಮಂದಿರಿ ಮಾಸ್ತರ್ರ? ನಾ ಹದಿನಾಕು ಮನಿ ಮಂದೀನ ಕಂಡೇನಿ. ಆ ಹದಿನೈದನೇ ಮನಿ ಎಲ್ಲೈತಿ? ಅವರಿಗೂ ಒಂದು ಸಲಿಕಿ ಕೊಟ್ಟು ಕಳಸ್ರಿ."

ಹೆಂಗಸರು ನಕ್ಕರು. ಮಾಸ್ತರರು ನಗಲಿಲ್ಲ.

ಅಷ್ಟರಲ್ಲಿ ಮೈಮುನಾಬಿ ಟೊಂಕದ ಮೇಲೆ ಬುಟ್ಟಿಯಿಟ್ಟುಕೊಂಡು ಬಂದಳು. ಹೊಸ ಗುಂಡಿ ಕಂಡಳು. ಅದನ್ನು ತೋಡಿದ ಶೆಟ್ಟೆಪ್ಪ ಬೇಲಿಯ ಕಡೆ ಮುಖ ಮಾಡಿದ.

"ಏನ್ರಿ ಮಾಸ್ತರ್ರ, ನಮ್ಮ ಉಳ್ಳಾಗಡ್ಡಿ ಸಿಪ್ಪಿ ಬ್ಯಾರೆ ನಮೂನಿ ಕೊಳಿತೈತೇನ್ರಿ?"

"ಹಂಗ್ಯಾಕ ಅಂತಿ? ನಿಮಗಂತನ ಹೊಸಾದು ಮಾಡೇವಿ. ಮರ್ಯಾದಿ ಕೊಟ್ಟಂಗ ಆತು."

"ಇಂಥಾ ಮರ್ಯಾದಿ ಬ್ಯಾಡ್ರಿ. ಹಳೇ ಗುಂಡ್ಯಾಗ ಹಾಕೂದಾದ್ರ ಹಾಕ್ತೇನಿ. ಇಲ್ಲಂದ್ರ ಇನ್ನ ಬರೂದಿಲ್ಲ." ಬುಟ್ಟಿಯನ್ನು ನೆಲಕ್ಕಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಯಮನವ್ವನಿಗೆ ಧೈರ್ಯ ಬರುತ್ತಿತ್ತು. ಇದು ಹೋಗುವವಳ ದನಿ.

ಮಾಸ್ತರರು ಯಮನವ್ವನ ಕಡೆ ತಿರುಗಿದರು. "ಇವತ್ತಿಂದ ಬಾಗಲದಾಗ ನಿಂತು ಬುಟ್ಟಿ ನೋಡಾಕಿ ನೀನ. ಯಾರದು ಏನಂತ ನಿನಗ ಗೊತ್ತೈತಿ. ಬ್ಯಾರೆ ಬ್ಯಾರೆ ಮಾಡು."

ಯಮನವ್ವ ಹಳೆಯ ಗುಂಡಿಗೆ ಸಲಿಕೆ ಇಳಿಸಿ ಮೇಲೆತ್ತಿದಳು. ಕಪ್ಪು ಗೊಬ್ಬರ, ಬೆಚ್ಚಗೆ ಹಬೆಯಾಡುತ್ತಿತ್ತು. ಒಂದು ಎರೆಹುಳು ಹೊರಳಿತು.

"ಇದು ಯಾರ ಮನೀದ್ರಿ? ಹೇಳ್ರಿ, ಬ್ಯಾರೆ ಮಾಡ್ತೇನಿ."

"ಆಗಿದ್ದು ಆತು. ಮುಂದಿಂದು ನೋಡು."

ಮಾಸ್ತರರ ಹಿಂದೆ ಅವರ ಸೊಸೆ ಶೋಭಾ ತನ್ನ ಬುಟ್ಟಿ ಹಿಡಿದು ನಿಂತಿದ್ದಳು. ಸೌತೆಕಾಯಿ ಸಿಪ್ಪೆಯ ಕೆಳಗಿನಿಂದ ಪೇಪರಿನ ಗಂಟು ಇಣುಕುತ್ತಿತ್ತು. ಯಮನವ್ವ ನೋಡಿದ್ದನ್ನು ಶೋಭಾ ನೋಡಿದಳು. ಸೆರಗನ್ನು ಮೆಲ್ಲಗೆ ಬುಟ್ಟಿಯ ಮೇಲೆ ಎಳೆದುಕೊಂಡಳು.

ಒಂದೇ ಮಾತು ಸಾಕಿತ್ತು. ಮಾಸ್ತರರು ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು. ಮಾತು ಯಮನವ್ವನ ನಾಲಗೆಯ ತುದಿಗೂ ಬಂತು. ಆದರೆ ಆ ಮಾತು ಆಡಿದರೆ ತಾನೂ ಬುಟ್ಟಿ ನೋಡಿ ಮನೆ ಬೇರೆ ಮಾಡಿದಂತೆ. ಮಾಸ್ತರರು ಹೇಳಿದ್ದೂ ಅದನ್ನೇ. ಇವತ್ತು ಬಾಯಿ ಬಿಟ್ಟರೆ ಎರಡನೆಯ ಗುಂಡಿ ಮುಚ್ಚುವುದಿಲ್ಲ, ಶೋಭಾಳಿಗೆಂದು ಮೂರನೆಯದು ತೋಡುತ್ತಾರೆ.

ಅವಳು ಮೈಮುನಾಬಿಯ ಬುಟ್ಟಿ ಎತ್ತಿ ಹಳೆಯ ಗುಂಡಿಗೆ ಸುರಿದಳು. ಶೋಭಾಳ ಕೈಯಿಂದ ಬುಟ್ಟಿ ತೆಗೆದುಕೊಂಡು, ಗಂಟು ಬಿಚ್ಚದೆ, ಅದರ ಮೇಲೆಯೇ ಸುರಿದಳು. ಎರಡನ್ನೂ ಕೂಡಿಸಿ ತಿರುವಿ ಮಣ್ಣೆಳೆದಳು.

"ಯಮನವ್ವಾ! ನಾ ಏನ ಹೇಳಿದೆ?"

"ಕೇಳೇನ್ರಿ. ಯಾರ ಬುಟ್ಟೀನೂ ನೋಡೂದಿಲ್ಲ."

ಮಾಸ್ತರರ ಮುಖ ಕೆಂಪಾಯಿತು. "ಹಂಗಾರ ಈ ತ್ವಾಟದಾಗ ನಿನಗೇನ ಕೆಲಸ? ಸಲಿಕಿ ಶೆಟ್ಟೆಪ್ಪನ ಕೈಯಾಗ ಕೊಡು."

ಶೆಟ್ಟೆಪ್ಪ ಬೇಲಿಯ ಬಳಿಯಿಂದ ಎರಡು ಹೆಜ್ಜೆ ಬಂದು ಅಲ್ಲೇ ನಿಂತ. ಮಾಸ್ತರರು ತಾವೇ ಕೈ ಚಾಚಿದರು.

ಮೈಮುನಾಬಿ ಬರಿದಾದ ತನ್ನ ಬುಟ್ಟಿಯನ್ನು ಎತ್ತಿಕೊಂಡಿದ್ದಳು, ಇನ್ನೂ ಹೋಗಿರಲಿಲ್ಲ. ಯಮನವ್ವ ಸಲಿಕೆಯನ್ನು ಗುಂಡಿಯ ಅಂಚಿಗೆ ಒದ್ದು ಊರಿ, ಅದರ ಹಿಡಿಕೆಯ ಮೇಲೆ ಎರಡೂ ಕೈ ಇಟ್ಟಳು.

"ಕೊಡೂದಿಲ್ರಿ."